ಹದಿಮೂರೂವರೆ ದಿನದ ಬಾಣಂತನ

ಮೊನ್ನೆ ಒಂದು ನಾಮಕರಣದ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿದ್ದ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಈಗ ಬಸುರಾದರೂ ದುಡ್ಡು, ಹೆತ್ತರೂ ದುಡ್ಡು. ಕೊಟ್ಟು ಕೊಟ್ಟು ಜನರನ್ನ ಸೋಮಾರಿ ಮಾಡಿಟ್ಟರು" ಅಂದರು. ಸುತ್ತ ಎಂಟು ಹತ್ತು ತಲೆಗಳು ಹೌದೆಂದು ಆಡಿದವು. ತೊಟ್ಟಿಲಲ್ಲಿದ್ದ ಮಗುವಿನ ತಾಯಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. 2017ರ ತಿದ್ದುಪಡಿಯ ನಂತರ ಕಾನೂನಿನಂತೆ ಅವಳಿಗೆ 26 ವಾರಗಳ ರಜೆ, ಪೂರ್ತಿ ಸಂಬಳ. ಅದನ್ನು ಯಾರೂ ಬಿಟ್ಟಿ ಅನ್ನಲಿಲ್ಲ, ಅನ್ನಲೂ ಬಾರದು, ಅದು ಅವಳ ಹಕ್ಕು. ಹಾಗಿದ್ದ ಮೇಲೆ ಅದೇ ಊರಿನ ಹೊಲದಲ್ಲಿ ಏಳು ತಿಂಗಳ ಹೊಟ್ಟೆ ಹೊತ್ತು ಕಳೆ ಕೀಳುವವಳಿಗೆ ಸಿಗುವುದು ಮಾತ್ರ ಭಿಕ್ಷೆ ಹೇಗಾಯಿತು?

ಎಷ್ಟು ಸಿಗುತ್ತದೆ ಎಂದು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಬೈಯುವುದು ನಮಗೆ ಚಾಳಿಯಾಗಿಬಿಟ್ಟಿದೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಸರ್ಕಾರಿ ನೌಕರಿಯಂಥ ಆಸರೆ ಇಲ್ಲದ ಪ್ರತಿ ಬಸುರಿ, ಬಾಣಂತಿಗೆ ಕನಿಷ್ಠ 6,000 ರೂಪಾಯಿ ಸಲ್ಲಬೇಕು ಎಂದು ಬರೆದಿದೆ. ನಾಲ್ಕು ವರ್ಷ ಕಳೆದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಬಂದಾಗ ಅದು 5,000ಕ್ಕೆ ಇಳಿಯಿತು, ಅದೂ ಮೊದಲ ಮಗುವಿಗೆ ಮಾತ್ರ. ಉಳಿದದ್ದು ಜನನಿ ಸುರಕ್ಷಾ ಯೋಜನೆಯಿಂದ ಸೇರುತ್ತದೆ ಎಂದರು. ಆ ಯೋಜನೆ 2005ರಿಂದಲೇ ಇತ್ತು, ಹೊಸದಾಗಿ ಯಾರೂ ಏನನ್ನೂ ಸೇರಿಸಲಿಲ್ಲ. ಅದರಲ್ಲಿ ನಮ್ಮ ಹಳ್ಳಿಯ ಬಡ ಬಾಣಂತಿಗೆ ಬರುವುದು 700. ಕೂಡಿಸಿ ನೋಡಿ, 5,700. ಕಾಯ್ದೆಯ ಲೆಕ್ಕಕ್ಕೆ ಆಗಲೂ ಮುನ್ನೂರು ಕಡಿಮೆ. ಎರಡನೇ ಮಗು ಹೆಣ್ಣಾದರೆ ಈಗ 6,000 ಕೊಡುತ್ತಾರೆ, ಗಂಡಾದರೆ ಇಲ್ಲ. ಗಂಡು ಹೆತ್ತವಳ ಮೈಯೂ ನೋಯುತ್ತದೆ, ಅವಳ ಎದೆಯಲ್ಲೂ ಹಾಲು ಇಳಿಯಬೇಕು.

2017-18ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 236 ರೂಪಾಯಿ. ಆಗ 5,000 ಎಂದರೆ 21 ದಿನದ ಕೂಲಿ. 2025-26ರಲ್ಲಿ ಕೂಲಿ 370ಕ್ಕೆ ಏರಿತು, ಬಾಣಂತಿಯ ಹಣ ಮಾತ್ರ ಇದ್ದಲ್ಲೇ ಇತ್ತು. ಆ ಲೆಕ್ಕಕ್ಕೆ ಅದು ಹದಿಮೂರೂವರೆ ದಿನದ ಕೂಲಿ. ಕಂಪನಿಯ ಹೆಂಗಸಿಗೆ 182 ದಿನ, ಕೂಲಿ ಹೆಂಗಸಿಗೆ ಹದಿಮೂರೂವರೆ. ಪ್ರತಿ ವರ್ಷ ಬಜೆಟ್ ಓದಿದವರು, ಅದರ ಮೇಲೆ ಭಾಷಣ ಮಾಡಿದವರು, ಅದನ್ನು ಪತ್ರಿಕೆಯಲ್ಲಿ ವಿಶ್ಲೇಷಿಸಿದವರು ಇದನ್ನು ದಾಟಿಕೊಂಡೇ ಹೋದರು. ಪಕ್ಕದ ತಮಿಳುನಾಡಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆ ನಗದು, ಪೌಷ್ಟಿಕ ಕಿಟ್ ಎಲ್ಲಾ ಸೇರಿ 18,000ದಷ್ಟು ಕೊಡುತ್ತದೆ. ಅಲ್ಲಿಯ ಹೆಂಗಸರು ಅದರಿಂದ ಸೋಮಾರಿಗಳಾದದ್ದನ್ನು ನಾನು ಕಂಡಿಲ್ಲ.

ಇಷ್ಟು ಕಿರಿದಾದ ಹಣವೂ ಸುಮ್ಮನೆ ಕೈಗೆ ಬರುವುದಿಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಯೋಜನೆ ಇರುವುದೂ ಮುಖ್ಯವಾಗಿ ಚೊಚ್ಚಲಿಗೇ. ಏಳನೇ ತಿಂಗಳಲ್ಲಿ ಹುಡುಗಿ ತವರಿಗೆ ಹೋಗುತ್ತಾಳೆ, ತಾಯಿ ಕಾರ್ಡು ಗಂಡನ ಊರಿನದು. ಇಲ್ಲಿಯ ಅಂಗನವಾಡಿ ಅಲ್ಲಿ ಕೇಳು ಅನ್ನುತ್ತದೆ, ಅಲ್ಲಿಯದು ಇಲ್ಲಿ ಕೇಳು ಅನ್ನುತ್ತದೆ. ಆಧಾರಿನಲ್ಲಿ ಇನ್ನೂ ಅಪ್ಪನ ಹೆಸರು, ಅಪ್ಪನ ವಿಳಾಸ. ಹಣ ಹೋಗುವುದು ಆಧಾರ್ ಜೋಡಿಸಿದ ಖಾತೆಗೆ; ಆ ಖಾತೆ ಎಂದೋ ಸ್ಕಾಲರ್‌ಶಿಪ್ಪಿಗೆಂದು ತೆರೆದದ್ದು, ಪಾಸ್‌ಬುಕ್ ಎಲ್ಲಿದೆಯೋ. ಕೊನೆಯ ಕಂತು ಮಗುವಿನ ಜನನ ನೋಂದಣಿಯಾಗಿ, ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ, ಅಂದರೆ ಮೂರೂವರೆ ತಿಂಗಳು ದಾಟಿದ ಮೇಲೆ. ಮೈ ಹಸಿಯಾಗಿದ್ದಾಗ ಬೇಕಿದ್ದ ದುಡ್ಡು ಅವಳು ಮತ್ತೆ ಕೂಲಿಗೆ ಹೊರಟ ಮೇಲೆ ಬರುತ್ತದೆ. ವಿಚಾರಿಸಲು ಹೋದರೆ, "ಸರ್ವರ್ ಇಲ್ಲಮ್ಮ, ಒಂದು ವಾರ ಬಿಟ್ಟು ಬಾ." ಹಸುಗೂಸನ್ನು ಕಟ್ಟಿಕೊಂಡು ತಾಲ್ಲೂಕಿಗೆ ಹೋಗಿ ಬರಿಗೈಯಲ್ಲಿ ಮರಳಿದವಳಿಗೆ ಬಸ್ಸು ಈಗ ಪುಕ್ಕಟೆ ಇರಬಹುದು, ಜೊತೆಗೆ ಹೋದ ತಾಯಿ ಕಳಕೊಂಡ ಕೂಲಿಯನ್ನು ಯಾರು ಕೊಡುತ್ತಾರೆ? ಅಂಗನವಾಡಿ ಟೀಚರನ್ನು ಬೈದು ಮುಗಿಸುವುದು ಸುಲಭ. ಅವರ ಮೇಲೆ ಮೊಬೈಲಿನ ದಾಖಲೆ, ಸಮೀಕ್ಷೆ, ಅಡುಗೆ, ಚುನಾವಣೆ ಕೆಲಸ ಎಲ್ಲವನ್ನೂ ಹೇರಿದವರು ಮೇಲೆ ಕೂತಿದ್ದಾರೆ. ಹಣ ತಲುಪಲಿಲ್ಲ ಎಂದು ಅಲ್ಲಿ ಯಾರೂ ನಿದ್ದೆಗೆಡುವುದಿಲ್ಲ.

"ಗೃಹಲಕ್ಷ್ಮಿ ಬರುತ್ತಲ್ಲ" ಎನ್ನುತ್ತಾರೆ. ರಾಜ್ಯ ಸರ್ಕಾರದ ಆ ಯೋಜನೆಯ ತಿಂಗಳ 2,000 ಹೋಗುವುದು ಪಡಿತರ ಚೀಟಿಯ ಯಜಮಾನಿಗೆ. ಕೂಡಿದ ಮನೆಯಲ್ಲಿ ಯಜಮಾನಿ ಎಂದರೆ ಅತ್ತೆ. ಹಾಲೂಡಿಸುವ ಸೊಸೆಯ ಹೆಸರು ಎಷ್ಟೋ ಮನೆಗಳಲ್ಲಿ ಆ ಚೀಟಿಗೇ ಇನ್ನೂ ಏರಿರುವುದಿಲ್ಲ. ಇದನ್ನು ಸರಿಮಾಡಿಸಬೇಕಾದ ಗಂಡ ಬೈಕಿನ ಕಂತಿಗೆ ತಿಂಗಳಿಗೆ ಮೂರು ಸಲ ಪೇಟೆಗೆ ಹೋಗಿ ಬರುತ್ತಾನೆ. ಹೆಂಡತಿಯ ಅರ್ಜಿ "ಹೆಂಗಸರ ಕೆಲಸ."

ಸಂಬಳದಾರರಿಗೂ ಒಂದು ಮಾತು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಶಾಲೆಯ ಬೋಧನಾ ಶುಲ್ಕ ತೋರಿಸಿ, ಒಂದೂವರೆ ಲಕ್ಷದ ಮಿತಿಯೊಳಗೆ, ತೆರಿಗೆ ಉಳಿಸಿಕೊಂಡವರು ನಾವು. ಅದೂ ಮಕ್ಕಳನ್ನು ಸಾಕಲು ಸರ್ಕಾರ ಬಿಟ್ಟುಕೊಟ್ಟ ಹಣವೇ. ರಸೀದಿಗಳನ್ನು ಜೋಪಾನವಾಗಿ ಕಡತಕ್ಕೆ ಸೇರಿಸಿದೆವು, ನಾಚಿಕೆಪಡಲಿಲ್ಲ. ಬಡವರ ಕೂಸಿಗೆ ಕೊಟ್ಟಾಗ ಮಾತ್ರ ಖಜಾನೆಯ ಚಿಂತೆ ಹತ್ತುತ್ತದೆ.

ಇನ್ನು ನಮ್ಮ ಮನೆಗಳ ಒಳಗೆ ಬನ್ನಿ. ಪಾತ್ರೆ ತೊಳೆಯುವ ಹುಡುಗಿ ಬಸುರಿ ಎಂದು ತಿಳಿದಾಗ ನಮ್ಮ ಮೊದಲ ಪ್ರಶ್ನೆ, "ಯಾವಾಗಿನಿಂದ ಬರಲ್ಲ?" ಎರಡನೆಯದು, "ಬದಲಿಗೆ ಯಾರನ್ನ ಕಳಿಸ್ತೀಯ?" ಮಾತೃ ವಂದನೆಗೆ ಅರ್ಜಿ ಹಾಕಿದೆಯಾ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ರಜೆಯಲ್ಲಿ ಒಂದೇ ಒಂದು ತಿಂಗಳ ಸಂಬಳವನ್ನು ಅವಳ ಮನೆಗೆ ಮುಟ್ಟಿಸಿದವರು ಎಷ್ಟು? ಎರಡೂವರೆ ತಿಂಗಳಿಗೇ ಸೆರಗಲ್ಲಿ ಮಗು ಕಟ್ಟಿಕೊಂಡು ಅವಳು ಮತ್ತೆ ಬಾಗಿಲಿಗೆ ಬಂದಾಗ ಒಳಗೆ ಬೇರೆಯವಳು ಪಾತ್ರೆ ತೊಳೆಯುತ್ತಿದ್ದಳು. "ಮುಂದಿನ ತಿಂಗಳು ನೋಡೋಣ" ಎಂದು ಕಳಿಸಿದವರು ನಾವೇ.