ಫಿಲಾಸಫಿ ಓದಿ ಏನ್ಮಾಡ್ತೀಯ?

ನಮ್ಮಲ್ಲಿ ಯಾರಾದರೂ ಎರಡು ನಿಮಿಷ ಯೋಚಿಸಿ ಮಾತಾಡಿದರೆ ಸಾಕು, ‘ಏನಪ್ಪಾ, ವೇದಾಂತ ಶುರು ಮಾಡಿದೆ?’ ಎಂದು ಕಾಲೆಳೆಯುತ್ತಾರೆ. ಹುಡುಗಿ ಕೈಕೊಟ್ಟವನು ಗಡ್ಡ ಬಿಟ್ಟು ಸ್ಟೇಟಸ್ ಹಾಕಿದರೆ ಅದು ಫಿಲಾಸಫಿ. ಆಟೊ ಹಿಂದೆ ಬರೆಸಿದ್ದೂ ಫಿಲಾಸಫಿ. ಇಷ್ಟೊಂದು ಸಲೀಸಾಗಿ ಬಳಸುವ ಈ ಪದವನ್ನೇ ಯಾರಾದರೂ ಕಾಲೇಜಿಗೆ ಸೇರಿ ಮೂರು ವರ್ಷ ಓದುತ್ತೇನೆ ಎಂದರೆ ಮಾತ್ರ ಮನೆಯಲ್ಲಿ ಸೂತಕದ ಮೌನ.

ನಾನು ಬಿ.ಇ. ಓದುತ್ತಿರುವವನು, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ಐದನೇ ಸೆಮಿಸ್ಟರ್. ಬಿ.ಎ. ತತ್ವಶಾಸ್ತ್ರದ ಪರವಾಗಿ ಬರೆಯಲು ಇವನಿಗೇನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಹಾಸ್ಟೆಲ್‌ಗೆ ಒಮ್ಮೆ ಬನ್ನಿ. ಯುಪಿಎಸ್‌ಸಿ ಬರೆಯಲು ಹೊರಟ ಸೀನಿಯರ್‌ಗಳ ಮೇಜಿನ ಮೇಲೆ ಏನಿದೆ ನೋಡಿ. ಪ್ಲೇಟೊ, ಅರಿಸ್ಟಾಟಲ್, ಕಾಂಟ್, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ! ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಕ್ಕೆ ತಲಾ 250 ಅಂಕದ ಎರಡು ಪತ್ರಿಕೆ, ಒಟ್ಟು 500 ಅಂಕ. ನಾಲ್ಕು ವರ್ಷ ಸರ್ಕ್ಯೂಟ್ ಓದಿದವರು ಆ 500 ಅಂಕಕ್ಕೆ ಫಿಲಾಸಫಿಯನ್ನು ಆರಿಸಿಕೊಳ್ಳುತ್ತಾರೆ. ಸಿಲಬಸ್ ಚಿಕ್ಕದು ಎಂಬುದು ಅವರು ಕೊಡುವ ಕಾರಣ. ಇದರ ಜೊತೆಗೆ 2013ರಿಂದ ನೀತಿಶಾಸ್ತ್ರದ ಪತ್ರಿಕೆಯೊಂದು ಎಲ್ಲರಿಗೂ ಕಡ್ಡಾಯ. ಅದಕ್ಕೂ 250 ಅಂಕ.

ಅಂದರೆ, ಐಎಎಸ್ ಆಗಲು ಫಿಲಾಸಫಿ ಓದಿದರೆ ಜಾಣ. ಪದವಿಗೆಂದು ಓದಿದರೆ ದಡ್ಡ. ವಿಷಯ ಒಂದೇ, ಪುಸ್ತಕವೂ ಹೆಚ್ಚುಕಡಿಮೆ ಅವೇ. ಒಂದನ್ನು ಕೋಚಿಂಗ್ ಸೆಂಟರ್‌ನಲ್ಲಿ ಕೆಲವೇ ತಿಂಗಳಲ್ಲಿ ದುಡ್ಡು ಕೊಟ್ಟು ನುಂಗುತ್ತೇವೆ, ಇನ್ನೊಂದನ್ನು ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷ ನಿಧಾನವಾಗಿ ಓದಬಹುದು. ಯಾವುದು ಜಾಣತನ?

ಬರೀ ಐಎಎಸ್ ಕಥೆಯಲ್ಲ. ಬ್ಯಾಂಕ್ ಪರೀಕ್ಷೆಯಿಂದ ಹಿಡಿದು ಕ್ಯಾಂಪಸ್ ಆಪ್ಟಿಟ್ಯೂಡ್ ಟೆಸ್ಟ್‌ವರೆಗೆ ‘ಎಲ್ಲ ಪೆನ್ನುಗಳೂ ಪುಸ್ತಕಗಳು, ಕೆಲವು ಪುಸ್ತಕಗಳು ಕುರ್ಚಿಗಳು, ಹಾಗಾದರೆ...’ ಎಂಬ ಪ್ರಶ್ನೆ ಬಿಡಿಸದವರು ನಮ್ಮಲ್ಲಿ ಯಾರಿದ್ದಾರೆ? ಅದು ಅರಿಸ್ಟಾಟಲನ ತರ್ಕ. ಅದನ್ನು ಬಿಡಿಸಲು ನಾವು ಹಾಕುವ ವೃತ್ತಗಳು ಕೇಂಬ್ರಿಜ್‌ನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ಜಾನ್ ವೆನ್ ಎಂಬಾತನ ಹೆಸರಿನವು. ನಾವು ಮೂರನೇ ಸೆಮಿಸ್ಟರ್‌ನಲ್ಲಿ ಕಣ್ಣುಮುಚ್ಚಿ ಉರು ಹೊಡೆದ ಬೂಲಿಯನ್ ಆಲ್ಜೀಬ್ರಾ ಮೊದಲಿಗೆ ಯಾವ ಚಿಪ್‌ಗಾಗಿಯೂ ಹುಟ್ಟಿದ್ದಲ್ಲ. ಜಾರ್ಜ್ ಬೂಲ್ 1854ರಲ್ಲಿ ಬರೆದದ್ದು ಆಲೋಚನೆಯ ನಿಯಮಗಳ ಬಗ್ಗೆ. ಎಂಬತ್ತಕ್ಕೂ ಹೆಚ್ಚು ವರ್ಷ ಅದು ಎಂಜಿನಿಯರ್‌ಗಳ ಕಣ್ಣಿಗೇ ಬಿದ್ದಿರಲಿಲ್ಲ ಎನ್ನಬೇಕು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ ಓದುತ್ತಿದ್ದ ಕ್ಲಾಡ್ ಶಾನನ್ ಎಂಬ ಹುಡುಗ ಅಲ್ಲಿ ಫಿಲಾಸಫಿಯ ಒಂದು ಕೋರ್ಸ್‌ನಲ್ಲೂ ಕುಳಿತಿದ್ದ. ಬೂಲ್ ಪರಿಚಯವಾದದ್ದು ಅಲ್ಲಿ. ಆಮೇಲೆ ಎಂಐಟಿಗೆ ಹೋದಾಗ ರಿಲೇ ಸ್ವಿಚ್‌ಗಳ ಆನ್-ಆಫ್ ಅನ್ನು ತರ್ಕದ ನಿಜ-ಸುಳ್ಳಿಗೆ ಜೋಡಿಸಬಹುದು ಎಂದು ಹೊಳೆಯಿತು. 1937ರಲ್ಲಿ, 21ರ ವಯಸ್ಸಿನಲ್ಲಿ, ಅದನ್ನೇ ಸ್ನಾತಕೋತ್ತರ ಪ್ರಬಂಧವಾಗಿ ಬರೆದ. ಡಿಜಿಟಲ್ ಸರ್ಕ್ಯೂಟ್ ವಿನ್ಯಾಸದ ಬುನಾದಿ ಅದು. ನಮ್ಮ ಲ್ಯಾಬ್‌ನಲ್ಲಿ ಈ ಕಥೆಯನ್ನು ಯಾರೂ ಹೇಳಲಿಲ್ಲ. ಕೆ-ಮ್ಯಾಪ್ ಬಿಡಿಸಿ, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡು ಹೊರಟೆವು.

ಇಷ್ಟೆಲ್ಲ ಈಗ ಯಾಕೆ ಎಂದರೆ, ನನ್ನ ಚಿಕ್ಕಪ್ಪನ ಮಗಳು ಈ ಸಲ ಸೈನ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಒಳ್ಳೆಯ ಅಂಕ ಬಂದಿದೆ. ಅವಳಿಗೆ ಬೇಕಿರುವುದು ಬಿ.ಎ., ಅದರಲ್ಲಿ ತತ್ವಶಾಸ್ತ್ರ. ಅವಳಿಗೆ ಬುದ್ಧಿ ಹೇಳಲು ಮನೆಯವರು ಆರಿಸಿದ್ದು ನನ್ನನ್ನು. ‘ನೀನು ಎಂಜಿನಿಯರಿಂಗ್ ಓದ್ತಿದ್ದೀಯ, ನೀನು ಹೇಳಿದ್ರೆ ಕೇಳ್ತಾಳೆ ಕಣೋ’ ಎಂದರು ಚಿಕ್ಕಪ್ಪ. ಚಿಕ್ಕಪ್ಪ ಕೆಟ್ಟವರಲ್ಲ. ತಿಪಟೂರು ಕಡೆಯ ತೆಂಗಿನ ತೋಟ ನಮ್ಮದು. ಕೊಬ್ಬರಿ ದರ ಏರಿದ ವರ್ಷ ಮನೆಗೆ ಬಣ್ಣ, ಇಳಿದ ವರ್ಷ ಸೊಸೈಟಿಯಲ್ಲಿ ಸಾಲ. ಮಗಳು ಮುಂದೆ ಯಾರ ಮುಂದೆಯೂ ಕೈಚಾಚಬಾರದು ಎಂಬುದಷ್ಟೇ ಅವರ ಆಸೆ. ಅವರ ವಾದವನ್ನು ಅವರದೇ ಮಾತಿನಲ್ಲಿ ಹೇಳಿದರೆ ಹೀಗೆ: ‘ಬಿ.ಇ. ಮಾಡಿದ್ರೆ ಕೆಲಸ ಗ್ಯಾರಂಟಿ. ಫಿಲಾಸಫಿ ಮಾಡಿದ್ರೆ ಖಾಲಿ ಕೈ ಗ್ಯಾರಂಟಿ.’

ಮೊದಲ ಗ್ಯಾರಂಟಿಯನ್ನೇ ನೋಡೋಣ. ತಂಗಿ ತನ್ನ ಪಾಡಿಗೆ ಓದಿಕೊಂಡಿದ್ದ ಒಂದು ಪುಸ್ತಕದಲ್ಲಿ ನ್ಯಾಯದರ್ಶನದ ಅಧ್ಯಾಯವಿತ್ತು. ನಾನೂ ಓದಿದೆ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇದು ನೈಯಾಯಿಕರ ಹಳೆಯ ಉದಾಹರಣೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿದ್ದೇವಲ್ಲ ಹಾಗೆ. ಈ ‘ಎಲ್ಲೆಲ್ಲಿ ಇದೋ ಅಲ್ಲೆಲ್ಲ ಅದು’ ಎಂಬ ಬಿಡದ ನಂಟಿಗೆ ವ್ಯಾಪ್ತಿ ಎಂದು ಹೆಸರು. ಇಲ್ಲಿವರೆಗೆ ಸುಲಭ. ಹಾಗಾದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ ಎನ್ನುತ್ತಾರೆ ಅವರು. ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ನಾವು ಗಮನಿಸದೆ ಬಿಟ್ಟ ಆ ಹಸಿ ಸೌದೆಗೆ ಉಪಾಧಿ ಎಂದು ಹೆಸರು.

ಓದಿ ಪುಸ್ತಕ ಮಡಚಿ ನಮ್ಮ ಪ್ಲೇಸ್‌ಮೆಂಟ್ ಸೆಲ್ ನೆನಪಿಸಿಕೊಂಡೆ. ಬಿ.ಇ. ಇದ್ದಲ್ಲೆಲ್ಲ ಕೆಲಸ ಎಂಬುದು ಬೆಂಕಿ ಇದ್ದಲ್ಲೆಲ್ಲ ಹೊಗೆ ಎಂದ ಹಾಗೆಯೇ. ಐಟಿ ಕಂಪನಿಗಳು ನೇಮಕ ಮಾಡಿಕೊಳ್ಳುತ್ತಿರಬೇಕು, ಕೋಡಿಂಗ್ ಬರಬೇಕು, ಕಂಪನಿಗಳು ಕಾಲಿಡುವ ಕಾಲೇಜಾಗಿರಬೇಕು, ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸಬಾರದು. ಇವೆಲ್ಲ ಹಸಿ ಸೌದೆ. ಸೌದೆ ಇದ್ದ ವರ್ಷಗಳಲ್ಲಿ ಊರಿಗೆಲ್ಲ ಹೊಗೆ ಕಂಡಿತು. ಚಿಕ್ಕಪ್ಪನಂಥವರು ದೂರದಿಂದ ನೋಡಿ ಬೆಂಕಿಯೊಂದನ್ನೇ ನಂಬಿದರು. ನಮ್ಮ ಕೆಲವು ಸೀನಿಯರ್‌ಗಳು ಆಫರ್ ಲೆಟರ್ ಹಿಡಿದುಕೊಂಡು ತಿಂಗಳುಗಟ್ಟಲೆ ಜಾಯಿನಿಂಗ್ ಡೇಟ್‌ಗೆ ಕಾದಿದ್ದಾರೆ. ಅವರ ಪದವಿಯಲ್ಲಿ ಏನೂ ಕೊರತೆ ಇರಲಿಲ್ಲ.

ಇನ್ನು ಎರಡನೇ ಗ್ಯಾರಂಟಿ. ನ್ಯಾಯದ ಪ್ರಕಾರ ವಾದಕ್ಕೆ ಐದು ಅಂಗ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಉದಾಹರಣೆ ಇಲ್ಲದಿದ್ದರೆ ವಾದ ನಿಲ್ಲುವುದಿಲ್ಲ. ‘ಚಿಕ್ಕಪ್ಪ, ಫಿಲಾಸಫಿ ಓದಿ ಹಾಳಾದ ಒಬ್ಬರ ಹೆಸರು ಹೇಳಿ’ ಎಂದೆ. ಅವರಿಗೆ ಗೊತ್ತಿದ್ದವರಲ್ಲಿ ಒಬ್ಬರೂ ಇರಲಿಲ್ಲ. ಹಾಳಾದವರೂ ಇಲ್ಲ, ಉದ್ಧಾರವಾದವರೂ ಇಲ್ಲ. ಆದರೆ ಅವರ ಕಪಾಟಿನಲ್ಲಿ ‘ವಂಶವೃಕ್ಷ’ ಇದೆ, ‘ಪರ್ವ’ ಇದೆ. ನಮ್ಮೂರಿನಿಂದ ಬಹಳ ದೂರವಲ್ಲದ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ ಕಡುಬಡತನದಲ್ಲಿ ಬೆಳೆದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ್ದು ಇದೇ ತತ್ವಶಾಸ್ತ್ರ. ನಂತರ ಅದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಂಡರು. ‘ಅವರು ಭೈರಪ್ಪ ಕಣೋ’ ಎಂದರು ಚಿಕ್ಕಪ್ಪ. ಸರಿಯಾದ ಮಾತು. ಒಬ್ಬ ಭೈರಪ್ಪನವರಿಂದ ವ್ಯಾಪ್ತಿ ಸಿದ್ಧವಾಗುವುದಿಲ್ಲ. ಆದರೆ ನಾವು ಸುಂದರ್ ಪಿಚೈ ಹೆಸರು ಹೇಳಿ ಮಕ್ಕಳನ್ನು ಎಂಜಿನಿಯರಿಂಗ್‌ಗೆ ಕಳಿಸುವಾಗ ಈ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲವಲ್ಲ?

ಆ ಮೂರು ವರ್ಷದಲ್ಲಿ ಏನು ಕಲಿಸುತ್ತಾರೆ ಎಂಬುದೂ ಹೆಚ್ಚಿನವರಿಗೆ ತಿಳಿದಿಲ್ಲ. ಪ್ರವಚನ ಇರಬೇಕು, ಇಲ್ಲವೇ ಧ್ಯಾನ ಇರಬೇಕು ಎಂದುಕೊಂಡಿದ್ದಾರೆ. ತರ್ಕ, ನೀತಿಶಾಸ್ತ್ರ, ಭಾರತೀಯ ದರ್ಶನಗಳು, ಪಾಶ್ಚಾತ್ಯ ತತ್ವಶಾಸ್ತ್ರ ಇವು ಮುಖ್ಯ. ನನಗೆ ಹೆಚ್ಚು ಹಿಡಿಸಿದ್ದು ಪೂರ್ವಪಕ್ಷ ಎಂಬ ಪದ್ಧತಿ. ಎದುರಾಳಿಯ ವಾದವನ್ನು, ಅವನೇ ಬಂದು ಹೇಳಿದರೂ ಇಷ್ಟು ಚೆನ್ನಾಗಿ ಹೇಳಲಾರ ಎನ್ನುವಂತೆ ಮೊದಲು ಮಂಡಿಸಬೇಕು. ಖಂಡನೆ ಆಮೇಲೆ. 14ನೇ ಶತಮಾನದಲ್ಲಿ, ವಿಜಯನಗರದ ಕಾಲದ ಮಾಧವಾಚಾರ್ಯರು (ಉಡುಪಿಯ ಮಧ್ವಾಚಾರ್ಯರಲ್ಲ) ಬರೆದ ‘ಸರ್ವದರ್ಶನಸಂಗ್ರಹ’ ಶುರುವಾಗುವುದೇ ಚಾರ್ವಾಕರಿಂದ, ಅಂದರೆ ದೇವರು, ಪರಲೋಕ ಯಾವುದನ್ನೂ ಒಪ್ಪದವರಿಂದ. ಆ ಚಾರ್ವಾಕರ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅವರನ್ನು ಒಪ್ಪದವರು ಬರೆದಿಟ್ಟಿದ್ದರಿಂದಲೇ. ರಾತ್ರಿ ಒಂಬತ್ತಕ್ಕೆ ಟಿ.ವಿ. ಹಾಕಿ, ಎಂಟು ಜನ ಒಟ್ಟಿಗೆ ಕಿರುಚುವುದನ್ನು ಐದು ನಿಮಿಷ ನೋಡಿ, ಇದನ್ನು ಯೋಚಿಸಿ.

ನಮಗೂ ಎಂಜಿನಿಯರಿಂಗ್‌ನಲ್ಲಿ ಮಾನವೀಯ ಮೌಲ್ಯಗಳ ಬಗ್ಗೆ ಒಂದು ವಿಷಯವಿದೆ, ಇಲ್ಲವೆನ್ನುವುದಿಲ್ಲ. ಒಂದು ಕ್ರೆಡಿಟ್. ಪರೀಕ್ಷೆಯಲ್ಲಿ ನಾಲ್ಕು ಉತ್ತರ ಕೊಟ್ಟು ಸರಿಯಾದದ್ದನ್ನು ಆರಿಸಿ ಎನ್ನುತ್ತಾರೆ. ಒಳ್ಳೆಯ ಬದುಕು ಯಾವುದು ಎಂಬುದಕ್ಕೆ ಎ, ಬಿ, ಸಿ ಅಥವಾ ಮೇಲಿನ ಎಲ್ಲವೂ! ಹಿಂದಿನ ದಿನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಬಂದ ಪಿಡಿಎಫ್ ಓದಿ ಎಲ್ಲರೂ ಪಾಸು.

ಹಾಗಂತ ಬಿ.ಎ. ಫಿಲಾಸಫಿಗೆ ಸೇರಿ, ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ತಂಗಿಗೂ ಹಾಗೆ ಹೇಳಲಿಲ್ಲ. ಕಷ್ಟ ಇದೆ. ಹೈಸ್ಕೂಲಿನಲ್ಲಿ ಈ ವಿಷಯವೇ ಇಲ್ಲ, ಹಾಗಾಗಿ ಇದನ್ನು ನಂಬಿ ಬಿ.ಇಡಿ. ಮಾಡಿ ಮೇಷ್ಟ್ರಾಗುವ ದಾರಿ ಮುಚ್ಚಿದಂತೆಯೇ. ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಇದೆ, ಕಲಿಸುವ ಕಾಲೇಜುಗಳು ಕಡಿಮೆ. ಪದವಿ ಕಾಲೇಜಿನಲ್ಲಿ ಹುದ್ದೆ ಖಾಲಿಯಾಗುವುದೂ ಅಪರೂಪ, ತುಂಬುವುದು ಇನ್ನೂ ಅಪರೂಪ. ಬರೀ ಬಿ.ಎ. ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಕರೆದು ಕೂರಿಸುವವರಿಲ್ಲ. ಆದರೆ ಈ ಕೊನೆಯ ಮಾತು ಬಿ.ಎ. ಇತಿಹಾಸಕ್ಕೂ ನಿಜ, ಬಿ.ಎಸ್ಸಿ.ಗೂ ನಿಜ, ಈಗೀಗ ಬಿ.ಇ.ಗೂ ನಿಜ.

ಮುಚ್ಚಿರದ ದಾರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ‘ಯಾವುದೇ ಪದವಿ’ ಎಂದು ಕರೆಯುವ ಬ್ಯಾಂಕ್, ಎಸ್‌ಎಸ್‌ಸಿ, ಸಿವಿಲ್ ಸರ್ವಿಸ್ ಪರೀಕ್ಷೆಗಳು ಇವರಿಗೂ ತೆರೆದಿವೆ. ಮೂರು ವರ್ಷದ ಎಲ್ಎಲ್.ಬಿ. ಇದೆ. ವಾದವನ್ನು ಬಿಡಿಸಿ ನೋಡಲು ಕಲಿತವರಿಗೆ ಕಾನೂನು ಅಷ್ಟು ಪರಕೀಯ ಅಲ್ಲ. ಎಂ.ಎ. ಮಾಡಿ ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಪಡೆದು ಪಿಎಚ್.ಡಿ.ಗೆ ಸೇರಿದರೆ, 2023ರ ಪರಿಷ್ಕರಣೆಯ ಪ್ರಕಾರ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಹೊಸದಾಗಿ ಸೇರುವ ಎಷ್ಟೋ ಎಂಜಿನಿಯರ್‌ಗಳ ಸಂಬಳಕ್ಕಿಂತ ಇದು ಹೆಚ್ಚು! ನಾವು ಎಂಜಿನಿಯರ್‌ಗಳದೇ ಸ್ವತ್ತು ಎಂದುಕೊಂಡ ಗೇಟ್ ಪರೀಕ್ಷೆಯಲ್ಲೂ 2021ರಿಂದ ಮಾನವಿಕ ವಿಷಯಗಳ ಪತ್ರಿಕೆ ಇದೆ, ಅದರಲ್ಲಿ ತತ್ವಶಾಸ್ತ್ರವೂ ಒಂದು ಆಯ್ಕೆ. ಬಾಂಬೆ, ಕಾನ್ಪುರ, ದೆಹಲಿಯ ಐಐಟಿಗಳಲ್ಲಿ ಫಿಲಾಸಫಿಯಲ್ಲಿ ಸಂಶೋಧನೆ ಮಾಡಬಹುದು. ಐಐಟಿಗೆ ಹೋಗಲು ಜೆಇಇ ಒಂದೇ ಬಾಗಿಲಲ್ಲ ಎಂದಾಗ ಚಿಕ್ಕಪ್ಪ ಸ್ವಲ್ಪ ಕಿವಿಗೊಟ್ಟರು ಅನ್ನಿ.

ನನ್ನ ನಿಜವಾದ ತಕರಾರು ಬೇರೆ. ಓದಬೇಕೆಂದರೂ ಎಲ್ಲಿ ಓದುವುದು? ದೆಹಲಿ ವಿಶ್ವವಿದ್ಯಾಲಯದ ಹಿಂದೂ, ಮಿರಾಂಡಾ ಹೌಸ್‌ನಂಥ ಕಾಲೇಜುಗಳಲ್ಲಿ ಫಿಲಾಸಫಿ ಆನರ್ಸ್ ಇದೆ, ಸಿಯುಇಟಿ ಬರೆದು ಹೋಗುತ್ತಾರೆ. ಅಷ್ಟು ದೂರ ಹೋಗಲು, ಅಲ್ಲಿ ರೂಮು ಮಾಡಿ ಇರಲು ಎಲ್ಲರ ಕೈಲಾಗುತ್ತದೆಯೇ? ನಮ್ಮ ರಾಜ್ಯದಲ್ಲಿ ಇದಕ್ಕೆ ಪರಂಪರೆ ಇಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಎರಡೇ ವರ್ಷಕ್ಕೆ, 1918ರಲ್ಲಿ, ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ರಾಧಾಕೃಷ್ಣನ್ ಬಂದರು. 1921ರಲ್ಲಿ ಅವರು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿಗೆ ಹೆಗಲು ಕೊಟ್ಟು ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದ ಕಥೆ ಪ್ರತಿ ಸೆಪ್ಟೆಂಬರ್ 5ರ ಭಾಷಣದಲ್ಲಿ ಬರುತ್ತದೆ. ಅವರು ಯಾವ ವಿಷಯ ಪಾಠ ಮಾಡುತ್ತಿದ್ದರು ಎಂಬುದು ಮಾತ್ರ ಭಾಷಣದಲ್ಲಿ ಬರುವುದಿಲ್ಲ! ಆ ರಾಧಾಕೃಷ್ಣನ್ ಕೂಡ ಬಡ ಹುಡುಗ. ಮದ್ರಾಸಿನಲ್ಲಿ ಅವರು ಫಿಲಾಸಫಿ ತೆಗೆದುಕೊಂಡದ್ದಕ್ಕೆ ಮುಖ್ಯ ಕಾರಣ, ಓದು ಮುಗಿಸಿದ ಸಂಬಂಧಿಯೊಬ್ಬ ತನ್ನ ಹಳೆಯ ಪುಸ್ತಕಗಳನ್ನು ಕೊಟ್ಟದ್ದು. ಖರ್ಚಿಲ್ಲದೆ ಓದಬಹುದಾದ ವಿಷಯ ಅದಾಗಿತ್ತು.

ಈಗ ಅದೇ ವಿಷಯ ದುಡ್ಡಿದ್ದವರದಾಗುತ್ತಿದೆ. ಮಾನಸಗಂಗೋತ್ರಿ, ಧಾರವಾಡದಲ್ಲಿ ಸ್ನಾತಕೋತ್ತರ ವಿಭಾಗಗಳಿವೆ, ಸಂತೋಷ. ಆದರೆ ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನ ನೋಟಿಸ್ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ. ಮಕ್ಕಳು ಬರುವುದಿಲ್ಲ, ಅದಕ್ಕೇ ವಿಷಯ ಇಟ್ಟಿಲ್ಲ ಎನ್ನುತ್ತಾರೆ. ಪಟ್ಟಿಯಲ್ಲೇ ಇಲ್ಲದ ವಿಷಯವನ್ನು ಮಕ್ಕಳು ಕೇಳುವುದಾದರೂ ಹೇಗೆ? ಜಿಲ್ಲೆಗೆ ಒಂದೇ ಒಂದು ಸರ್ಕಾರಿ ಕಾಲೇಜಿನಲ್ಲಿ ಈ ಕಾಂಬಿನೇಷನ್ ತೆರೆದು, ಒಬ್ಬರು ಕಾಯಂ ಅಧ್ಯಾಪಕರನ್ನು ಕೊಟ್ಟು ಐದು ವರ್ಷ ನಡೆಸಿ ನೋಡಲಿ. ಮೊದಲ ವರ್ಷ ಆರು ಜನ ಬಂದರೆ ಆರು ಜನ. ಬರೀ ಹಾಜರಾತಿ ಎಣಿಸಿ ಬಾಗಿಲು ಹಾಕುವುದಾದರೆ ನಮ್ಮ ಕಾಲೇಜಿನ ಕೊನೇ ಪೀರಿಯಡ್‌ಗಳನ್ನು ಎಂದೋ ರದ್ದು ಮಾಡಬೇಕಿತ್ತು.

ತಂಗಿಯ ವಿಷಯದಲ್ಲಿ ಚಿಕ್ಕಪ್ಪ ಪೂರ್ತಿ ಒಪ್ಪಿಲ್ಲ, ಬೇಡ ಎನ್ನುವುದನ್ನೂ ನಿಲ್ಲಿಸಿದ್ದಾರೆ. ಈಗ ಅಡ್ಡಿಯಾಗಿರುವುದು ಕಾಲೇಜು. ಮೈಸೂರಿಗೆ ಹೋಗುವುದಾದರೆ ಹಾಸ್ಟೆಲ್ ಬೇಕು, ಹಾಸ್ಟೆಲ್ ಪಟ್ಟಿ ಬರುವುದು ಅಡ್ಮಿಷನ್ ಮುಗಿದ ಮೇಲೆ, ಅಲ್ಲಿಯವರೆಗೆ ಪಿ.ಜಿ.ಗೆ ದುಡ್ಡು ಕೊಡಬೇಕು. ಎರಡು ತಿಂಗಳ ಬಾಡಿಗೆ ಎಷ್ಟಾಗುತ್ತದೆ ಎಂದು ಚಿಕ್ಕಮ್ಮ ನಿನ್ನೆ ಫೋನಿನಲ್ಲಿ ನನ್ನನ್ನೇ ಕೇಳಿದರು.