ಬಿಲ್ಲಿನ ಮುಂದೆ ಬಾಯಿ ಕಟ್ಟಬೇಕೆ?

ದುರ್ಗದಬೈಲಿನಲ್ಲಿ ಗೇಣು ಬಟ್ಟೆಗೂ ದರ ಕೇಳಿ ಕೊಳ್ಳುವ ನಮ್ಮ ಜನ ದವಾಖಾನೆಯ ಗಲ್ಲೆಯ ಮುಂದೆ ಮಾತ್ರ ಮೂಕರಾಗುತ್ತಾರೆ. ಕೇಳಿದಷ್ಟು ಎಣಿಸಿ ಕೊಡುತ್ತಾರೆ. ಕೈಯಲ್ಲಿ ಇಲ್ಲದಿದ್ದರೆ ಮನೆಯ ಬಂಗಾರವನ್ನು ಗಿರವಿ ಇಡುತ್ತಾರೆ. ಇದು ವಿನಯವಲ್ಲ, ಅಂಜಿಕೆ.

ವಿಮೆಯ ಆಸರೆ ಯಾರಿಗುಂಟು, ಯಾರಿಗಿಲ್ಲ? ಗಿರಣಿ ಕಾರ್ಮಿಕನಿಗೆ ಇ.ಎಸ್.ಐ. ಉಂಟು. ಆದರೆ 2017ರ ಜನವರಿಯಲ್ಲಿ ಗೊತ್ತುಮಾಡಿದ ಸಂಬಳದ ಮಿತಿ 21,000 ರೂಪಾಯಿ. ಅದನ್ನು ದಾಟಿದವನು ಹೊರಗೆ. ಹತ್ತು ಜನರಿಲ್ಲದ ಅಂಗಡಿಯ ಗುಮಾಸ್ತನೂ ಸಾಮಾನ್ಯವಾಗಿ ಹೊರಗೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ. ಆದರೆ ಬಿ.ಪಿ.ಎಲ್. ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ, ಅಂದರೆ ತಿಂಗಳಿಗೆ ಬರಿ ಹತ್ತು ಸಾವಿರ! ಅದರ ಮೇಲಿನವರಿಗೆ ಗೊತ್ತುಪಡಿಸಿದ ದರದ ನೂರಕ್ಕೆ 30 ಮಾತ್ರ. ಉಳಿದ 70 ಯಾರ ಕಿಸೆಯಿಂದ ಬರಬೇಕು?

2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಕಾಲಕ್ಕೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯದೆಯ ತಿದ್ದುಪಡಿ ಮೆತ್ತಗಾಯಿತು. ಆದರೂ ಉಳಿದದ್ದು ಕಡಿಮೆಯೇನಲ್ಲ. ತುರ್ತು ರೋಗಿಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ. ಬಾಕಿಯ ಹೆಸರಿನಲ್ಲಿ ಹೆಣವನ್ನು ತಡೆಯುವಂತಿಲ್ಲ. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ.

ಆದುದರಿಂದ ಬಂಧುಗಳೇ, ತುರ್ತಿಲ್ಲದಾಗ ಸೇರುವ ಮೊದಲೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿರಿ. ಕಾರ್ಡು ನಡೆಯುವುದೋ ಕೇಳಿರಿ. ಕಿಮ್ಸ್‌ನಲ್ಲಿ ಅದೇ ಚಿಕಿತ್ಸೆಗೆ ಎಷ್ಟು ಎಂದು ವಿಚಾರಿಸಿರಿ. ಒಟ್ಟು ಮೊತ್ತದ ಚೀಟಿ ಒಪ್ಪಬೇಡಿರಿ. ಔಷಧ, ಕೋಣೆ, ತಪಾಸಣೆ ಬೇರೆ ಬೇರೆ ತೋರಿಸಿದ ಬಿಲ್ಲು ಕೇಳಿರಿ. ಬಳಸದೆ ಉಳಿದ ಔಷಧ ಹಿಂದಿರುಗಿಸಿರಿ. ಹಣ ಸಾಲದಿದ್ದರೆ ರಿಯಾಯಿತಿಯನ್ನೂ ಕಂತನ್ನೂ ಕೇಳಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ಮುಖ್ಯವಾಗಿ, ಒಬ್ಬರೇ ಹೋಗಬೇಡಿರಿ. ರೋಗಿಯ ಮನೆಯವರ ಕಣ್ಣು ಹಾಸಿಗೆಯ ಮೇಲಿರುತ್ತದೆ. ಲೆಕ್ಕ ನೋಡಲು ಸಂಘದಿಂದ ಇಬ್ಬರು ಜೊತೆಗಿರಲಿ.

ವೈದ್ಯರು ನಮ್ಮ ವೈರಿಗಳಲ್ಲ. ಅವರ ದುಡಿಮೆಗೆ ಕೂಲಿ ಸಲ್ಲಲೇಬೇಕು. ನಮ್ಮ ತಕರಾರು ಲೆಕ್ಕವಿಲ್ಲದ ಲಾಭದ ಮೇಲೆ. ಲಕ್ಷಕ್ಕೂ ಮೇಲೆ ಮಾರುತ್ತಿದ್ದ ಹೃದಯದ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಸರಕಾರ ಸುಮಾರು 30,000 ರೂಪಾಯಿಯ ಮಿತಿ ಹಾಕಿತು. ಮನಸ್ಸು ಮಾಡಿದರೆ ದರ ಇಳಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಚೌಕಾಶಿಯಿಂದ ಒಂದು ಮನೆ ಉಳಿದೀತು, ಊರು ಉಳಿಯದು. ಇ.ಎಸ್.ಐ. ಮಿತಿ ಏರಲಿ, ಸಣ್ಣ ಅಂಗಡಿಯ ಆಳಿಗೂ ಅದು ದೊರೆಯಲಿ, ಕಿಮ್ಸ್‌ಗೆ ಹಾಸಿಗೆ, ವೈದ್ಯರು, ಔಷಧ ಸಾಕಷ್ಟು ಬರಲಿ. ಅಲ್ಲಿಯವರೆಗೆ ಕೈಮುಗಿಯುವುದು ಸಾಕು, ಲೆಕ್ಕ ಕೇಳೋಣ.