ನಕ್ಷತ್ರ ತೂಗುವ ತಕ್ಕಡಿ

ಮೇ ತಿಂಗಳ ಕೊನೆಗೆ ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಲ್ಲಿ ಸೆಕೆ ತಾಳದೆ ಮಾಳಿಗೆಯ ಮೇಲೆ ಮಲಗಿದವರು ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣಕ್ಕೆ ಕಣ್ಣು ಹಾಯಿಸಬೇಕು. ದಿಗಂತದಿಂದ ಒಂದು ಮುಷ್ಟಿಯಷ್ಟು ಮೇಲೆ ಎರಡು ಉಜ್ವಲ ನಕ್ಷತ್ರಗಳು ಕಾಣುತ್ತವೆ. ಎಡಗಡೆಯದು ಆಲ್ಫಾ ಸೆಂಟಾರಿ. ಬರಿಗಣ್ಣಿಗೆ ಒಂದೇ ಚುಕ್ಕಿ, ದೂರದರ್ಶಕದಲ್ಲಿ ಎರಡು. ಈ ಗುಟ್ಟು ಬಯಲಾದದ್ದು ನಮ್ಮ ಪುದುಚೇರಿಯಲ್ಲಿ. 1689ರ ಡಿಸೆಂಬರ್‌ನಲ್ಲಿ ಧೂಮಕೇತು ನೋಡುತ್ತಿದ್ದ ಫಾದರ್ ರಿಶೋ ಎಂಬ ಫ್ರೆಂಚ್ ಪಾದ್ರಿಯ ಕಣ್ಣಿಗೆ ಅದು ಬಿತ್ತು.

ಈ ಜೋಡಿ ಒಂದನ್ನೊಂದು ಸುತ್ತಲು ಸುಮಾರು 80 ವರ್ಷ ಬೇಕು. ಹಿಂದಿನವರು ಅಳೆಯುತ್ತಿದ್ದ ಕ್ರಮ ಸರಳ; ತಾಳ್ಮೆ ಮಾತ್ರ ಸಾಲದು. ದೂರದರ್ಶಕದಲ್ಲಿ ಜೇಡರ ಎಳೆ ಬಿಗಿದು, ಒಂದು ಎಳೆಯನ್ನು ಒಂದು ನಕ್ಷತ್ರದ ಮೇಲೂ ಮತ್ತೊಂದನ್ನು ಅದರ ಜೊತೆಗಾರನ ಮೇಲೂ ನಿಲ್ಲಿಸಿ ನಡುವಿನ ಅಂತರ ಓದುವುದು; ಉತ್ತರದಿಂದ ಎಷ್ಟು ಡಿಗ್ರಿ ಓರೆ ಎಂದು ಬರೆದಿಡುವುದು. ಜೋಡಿ ತೀರ ಹತ್ತಿರ ಕಂಡಾಗ ಆ ಅಂತರ ಎರಡು ಕಿಲೋಮೀಟರ್ ಆಚೆ ಹಿಡಿದ ರೂಪಾಯಿ ನಾಣ್ಯದ ಅಗಲದಷ್ಟೇ. ಹೀಗೆ ವರ್ಷ ವರ್ಷವೂ ಚುಕ್ಕಿಯಿಟ್ಟರೆ ಕಾಗದದ ಮೇಲೆ ದೀರ್ಘವೃತ್ತ ಮೂಡುತ್ತದೆ. ಆ ಕಕ್ಷೆ ನಮಗೆ ಓರೆಯಾಗಿ ಕಾಣುವುದರಿಂದ ಅದರ ನಿಜ ಆಕಾರವನ್ನು ಗಣಿತದಿಂದಲೇ ಹೊರತೆಗೆಯಬೇಕು.

ಇಷ್ಟೆಲ್ಲ ಪಾಡು ತೂಕಕ್ಕಾಗಿ. ಒಂಟಿ ನಕ್ಷತ್ರವನ್ನು ತೂಗುವುದು ಬಲು ಕಷ್ಟ. ಜೋಡಿಗಾದರೆ ಕೆಪ್ಲರನ ನಿಯಮವೇ ತಕ್ಕಡಿ. ಆಲ್ಫಾ ಸೆಂಟಾರಿ ನಮ್ಮಿಂದ 4.37 ಜ್ಯೋತಿರ್ವರ್ಷ ದೂರದಲ್ಲಿದೆ. ಅದರಿಂದ, ಜೋಡಿಯ ಸರಾಸರಿ ಅಂತರ ಭೂಮಿ-ಸೂರ್ಯರ ಅಂತರದ ಸುಮಾರು 23.5 ಪಟ್ಟು ಎಂದು ತಿಳಿಯುತ್ತದೆ. 23.5ರ ಘನವನ್ನು 80ರ ವರ್ಗದಿಂದ ಭಾಗಿಸಿದರೆ ಬರುವುದು 2. ಎರಡೂ ಸೇರಿ ಎರಡು ಸೂರ್ಯರ ತೂಕ!

ಅಳತೆ ಕೂದಲೆಳೆಯಷ್ಟು ಜಾರಿದರೆ ಇಲ್ಲದ ಲೋಕವೇ ಹುಟ್ಟೀತು. ಮದರಾಸು ವೀಕ್ಷಣಾಲಯದ ಕ್ಯಾಪ್ಟನ್ ಜೇಕಬ್ 1855ರಲ್ಲಿ 70 ಓಫಿಯೂಕಿ ಎಂಬ ಇನ್ನೊಂದು ಜೋಡಿಯನ್ನು ಪರಿಶೀಲಿಸಿದ. ಲೆಕ್ಕ ಹಾಕಿದ ಕಕ್ಷೆಯ ಮೇಲೆ ಅದು ನಿಲ್ಲಲಿಲ್ಲ. ಕಾಣದ ಗ್ರಹವೊಂದು ಎಳೆಯುತ್ತಿರಬೇಕೆಂದು ಆತ ಊಹಿಸಿದ. ಮುಂದೆ ಅಮೆರಿಕದಲ್ಲಿ ಸೀ ಎಂಬಾತ ಇದನ್ನೇ ಎತ್ತಿಹಿಡಿದ. ಅಂಥ ಗ್ರಹ ಅಲ್ಲಿ ಸ್ಥಿರವಾಗಿ ನಿಲ್ಲಲಾರದೆಂದು 1899ರಲ್ಲಿ ಮೌಲ್ಟನ್ ತೋರಿಸಿಕೊಟ್ಟ. ಜೇಕಬ್‌ನನ್ನು ನೋಡಿ ನಗುವಂತಿಲ್ಲ. ಬಹು ಸೂಕ್ಷ್ಮ ಉಪಕರಣಗಳಿದ್ದ ಯುರೋಪಿನವರು 2012ರಲ್ಲಿ ಆಲ್ಫಾ ಸೆಂಟಾರಿಯ ಎರಡನೆಯ ನಕ್ಷತ್ರಕ್ಕೆ ಗ್ರಹವಿದೆಯೆಂದು ಸಾರಿದರು. ಅದು ಅಂಕಿಅಂಶಗಳೊಳಗಿನ ಭ್ರಮೆಯೆಂದು 2015ರಲ್ಲಿ ಗೊತ್ತಾಯಿತು.

ಈ ಜೋಡಿ ತಮ್ಮ ಕಕ್ಷೆಯಲ್ಲಿ ಹಿಂದಿನ ಸಲ ಅತಿ ಸಮೀಪಕ್ಕೆ ಬಂದದ್ದು 1955ರಲ್ಲಿ, ಗುಂಡಗುರ್ತಿ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ. ಮುಂದಿನದು 2035ರಲ್ಲಿ.